ಸರ್ವರ್ ಸಂದೇಹ: ಜಾಗ ಇದ್ದರೂ 'ಜಾಗವಿಲ್ಲ' ಎನ್ನುವುದೇಕೆ?

ಲಿನಕ್ಸ್ ಯಂತ್ರ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುವ ಪುಟ ಇದು. ಈ ಸಲದ ಪತ್ರಗಳೆಲ್ಲ ಮೈಸೂರು, ಮಂಡ್ಯ ಕಡೆಯವು. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇವೆ. ಪತ್ರ ಬರೆದವರಲ್ಲಿ ಬಹಳ ಮಂದಿ 'ರೀಸ್ಟಾರ್ಟ್ ಮಾಡಿ ನೋಡಿದೆವು' ಎಂದಿದ್ದಾರೆ. ದಯವಿಟ್ಟು ಅದಕ್ಕೂ ಮೊದಲು ಎರಡು ನಿಮಿಷ ಕೂತು, ಯಂತ್ರ ಏನು ಹೇಳುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದ ಮೇಲೆ ಅರ್ಧ ಸಾಕ್ಷಿ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಸೊಸೈಟಿಯ ಬಿಲ್ಲಿಂಗ್ ಸರ್ವರ್‌ನಲ್ಲಿ ಬೆಳಿಗ್ಗೆ ಬಿಲ್ ಹಾಕಲು ಹೋದರೆ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎಂದು ಬರುತ್ತಿದೆ. 'ಡಿಎಫ್ -ಎಚ್' ಹಾಕಿದರೆ ಶೇ. 61 ಮಾತ್ರ ತುಂಬಿದೆ ಎನ್ನುತ್ತದೆ. ಉಬುಂಟು, 100 ಜಿಬಿ ಡಿಸ್ಕ್, ಇಎಕ್ಸ್‌ಟಿ4 ಫೈಲ್ ಸಿಸ್ಟಂ. ಬಿಲ್ಲಿಂಗ್ ತಂತ್ರಾಂಶ ಪಿಎಚ್‌ಪಿಯದು. ರೀಸ್ಟಾರ್ಟ್ ಮಾಡಿದರೂ ಹೋಗಲಿಲ್ಲ.
— ಕೆ. ಎಸ್., ಮದ್ದೂರು

ಉತ್ತರ: ರೀಸ್ಟಾರ್ಟ್ ಮಾಡಿದರೂ ಹೋಗಲಿಲ್ಲ ಎಂಬ ನಿಮ್ಮ ಮಾತಿನಲ್ಲೇ ಅರ್ಧ ಉತ್ತರ ಇದೆ. ನಿಮ್ಮಲ್ಲಿ ಮುಗಿದಿರುವುದು ಜಾಗ ಅಲ್ಲ, ಐನೋಡ್. ಗೋದಾಮಿನಲ್ಲಿ ಮೂಟೆ ಇಡಲು ಜಾಗ ಇದೆ, ಆದರೆ ದಾಸ್ತಾನು ರಿಜಿಸ್ಟರಿನಲ್ಲಿ ಬರೆಯಲು ಸಾಲು ಉಳಿದಿಲ್ಲ, ಹಾಗೆ. ಪ್ರತಿ ಫೈಲಿಗೂ ಒಂದು ಐನೋಡ್ ಬೇಕು. ಫೈಲು 10 ಬೈಟಿನದಾದರೂ ಒಂದು, 10 ಜಿಬಿಯದಾದರೂ ಒಂದು. ಇಎಕ್ಸ್‌ಟಿ4ನಲ್ಲಿ ಅವುಗಳ ಸಂಖ್ಯೆ ಡಿಸ್ಕ್ ಫಾರ್ಮ್ಯಾಟ್ ಮಾಡಿದ ದಿನವೇ ನಿಗದಿಯಾಗುತ್ತದೆ: ಸಾಮಾನ್ಯವಾಗಿ ಪ್ರತಿ 16 ಕೆಬಿಗೆ ಒಂದು. ಆ ಲೆಕ್ಕದಲ್ಲಿ 100 ಜಿಬಿಗೆ ಸುಮಾರು 65 ಲಕ್ಷ.

'ಡಿಎಫ್ -ಐ' ಹಾಕಿ. 'ಐಯೂಸ್' ಕಾಲಂನಲ್ಲಿ ಶೇ. 100 ಕಂಡರೆ ಅನುಮಾನ ಬೇಡ. ಮುಂದೆ, ಅಷ್ಟು ಫೈಲು ಎಲ್ಲಿ ಕೂತಿದೆ ಎಂದು ಹುಡುಕಬೇಕು: 'ಡಿಯು --ಐನೋಡ್ಸ್ -ಎಕ್ಸ್ -ಡಿ 1 /ವಾರ್ | ಸಾರ್ಟ್ -ಎನ್'. ಕೊನೆಯ ಸಾಲಿನಲ್ಲಿರುವುದು ಒಟ್ಟು ಮೊತ್ತ. ಅದಕ್ಕಿಂತ ಮೇಲಿನ ಸಾಲು ದೊಡ್ಡ ಫೋಲ್ಡರ್. ಅದರೊಳಗೆ ಹೋಗಿ ಅದೇ ಕಮಾಂಡ್ ಮತ್ತೆ ಹಾಕಿ. ಮೂರು ನಾಲ್ಕು ಹೆಜ್ಜೆಯಲ್ಲಿ ಜಾಗ ಸಿಗುತ್ತದೆ.

ಪಿಎಚ್‌ಪಿ ಎಂದಿದ್ದೀರಿ, ಹಾಗಾಗಿ ಸೆಷನ್ ಫೈಲುಗಳನ್ನೇ (ಲಾಗಿನ್ ಆದವರ ನೆನಪಿಗೆ ಪಿಎಚ್‌ಪಿ ಬರೆದಿಡುವ ಸಣ್ಣ ಫೈಲು) ಮೊದಲು ನೋಡಿ. ಉಬುಂಟು, ಡೆಬಿಯನ್‌ಗಳಲ್ಲಿ ಹಳೆಯ ಸೆಷನ್ ಗುಡಿಸುವ ಕೆಲಸವನ್ನು ಪಿಎಚ್‌ಪಿ ತಾನೇ ಮಾಡದಂತೆ ಇಟ್ಟಿರುತ್ತಾರೆ. ಬೇರೆಯೇ ಒಂದು ಟೈಮರ್ ಬಂದು ಗುಡಿಸುತ್ತದೆ. ಆ ಟೈಮರ್‌ಗೆ ಗೊತ್ತಿರುವುದು ಪಿಎಚ್‌ಪಿ.ಐಎನ್‌ಐ ಕಡತದಲ್ಲಿ ಬರೆದ ಫೋಲ್ಡರ್ ಮಾತ್ರ. ತಂತ್ರಾಂಶ ಬರೆದವರು ಕೋಡಿನೊಳಗೆ ಬೇರೆ ಫೋಲ್ಡರ್ ಕೊಟ್ಟಿದ್ದರೆ ಅಲ್ಲಿಗೆ ಪೊರಕೆ ಹೋಗುವುದೇ ಇಲ್ಲ. ವರ್ಷಗಟ್ಟಲೆ ಸಣ್ಣ ಸಣ್ಣ ಫೈಲು ಸೇರುತ್ತಾ ಹೋಗುತ್ತದೆ.

ಅಳಿಸುವಾಗ 'ಆರ್‌ಎಂ' ಮತ್ತು ನಕ್ಷತ್ರ ಚಿಹ್ನೆ ಬಳಸಿದರೆ 'ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್' ಎನ್ನುತ್ತದೆ. ಫೈಂಡ್ ಬಳಸಿ. ಮೊದಲು ಬರೀ ಪಟ್ಟಿ ನೋಡಿ: 'ಫೈಂಡ್', ಫೋಲ್ಡರಿನ ಪೂರ್ತಿ ದಾರಿ, ನಂತರ '-ಟೈಪ್ ಎಫ್ -ಎಂಟೈಮ್ +7', ಕೊನೆಗೆ '| ಹೆಡ್'. ಪಟ್ಟಿ ಸರಿಯಿದ್ದರೆ '| ಹೆಡ್' ತೆಗೆದು ಅದೇ ಸಾಲಿನ ಕೊನೆಯಲ್ಲಿ '-ಡಿಲೀಟ್' ಸೇರಿಸಿ. ಕೊನೆಯಲ್ಲಿ ಎಂದೆವು, ಅದು ತುಂಬಾ ಮುಖ್ಯ. ಫೈಂಡ್ ಎಡದಿಂದ ಬಲಕ್ಕೆ ಓದಿಕೊಂಡು ಹೋಗುತ್ತದೆ. '-ಡಿಲೀಟ್' ಮೊದಲೇ ಬಂದರೆ ದಿನದ ಷರತ್ತು ನೋಡುವ ಮೊದಲೇ ಎಲ್ಲವನ್ನೂ ಅಳಿಸಿಬಿಡುತ್ತದೆ. ಇನ್ನೊಂದು, '+7' ಎಂದರೆ ಏಳು ದಿನ ಪೂರ್ತಿ ಕಳೆದು ಎಂಟನೆಯ ದಿನವೂ ತುಂಬಿದವು.

ನಿಮ್ಮ ಪಕ್ಕದ ಮನೆಯವರಿಗೆ ಇದರ ತಿರುವುಮುರುವು ತೊಂದರೆ ಬರಬಹುದು: 'ಡಿಎಫ್' ಶೇ. 100 ಎನ್ನುತ್ತದೆ, 'ಡಿಯು' ಕೂಡಿಸಿದರೆ ಅರ್ಧವೂ ಆಗುವುದಿಲ್ಲ. ಯಾರೋ ದೊಡ್ಡ ಲಾಗ್ ಫೈಲನ್ನು ಅಳಿಸಿದ್ದಾರೆ, ಆದರೆ ಒಂದು ಪ್ರೋಗ್ರಾಂ ಅದನ್ನು ಇನ್ನೂ ತೆರೆದು ಹಿಡಿದಿದೆ. ಹಿಡಿತ ಬಿಡುವವರೆಗೆ ಜಾಗ ವಾಪಸ್ ಬರುವುದಿಲ್ಲ. 'ಎಲ್‌ಎಸ್‌ಓಎಫ್ +ಎಲ್1' ಹಾಕಿದರೆ (ಇಲ್ಲಿ ಎಲ್ ದೊಡ್ಡಕ್ಷರ) ಹಿಡಿದವರ ಹೆಸರು ಬರುತ್ತದೆ. ಆ ಒಂದು ಸೇವೆಯನ್ನು ಮಾತ್ರ ರೀಸ್ಟಾರ್ಟ್ ಮಾಡಿ. ತುಂಬಿದ ಲಾಗನ್ನು ಇನ್ನು ಮುಂದೆ ಅಳಿಸಬೇಡಿ, 'ಟ್ರಂಕೇಟ್ -ಎಸ್ 0' ಎಂದು ಬರಿದು ಮಾಡಿ.

ಇಎಕ್ಸ್‌ಟಿ4ಗೆ ಐನೋಡ್ ಮಾತ್ರ ಹೆಚ್ಚಿಸಲು ಬರುವುದಿಲ್ಲ. ಪಾರ್ಟಿಷನ್ ದೊಡ್ಡದು ಮಾಡಬೇಕು, ಇಲ್ಲವೇ ಮತ್ತೆ ಫಾರ್ಮ್ಯಾಟ್ ಮಾಡಬೇಕು. ಸಣ್ಣ ಫೈಲೇ ಹೆಚ್ಚಿರುವ ಕಡೆ ಮುಂದಿನ ಸಲ ಎಕ್ಸ್‌ಎಫ್‌ಎಸ್ ಹಾಕಿ. ಅದು ಐನೋಡ್‌ಗಳನ್ನು ಬೇಕಾದಂತೆ ಹುಟ್ಟಿಸಿಕೊಳ್ಳುತ್ತದೆ.

ಪ್ರಶ್ನೆ: ಮೈಸೂರಿನಲ್ಲಿ ಕೂತು ದೂರದ ಸರ್ವರ್‌ಗೆ ಫೈರ್‌ವಾಲ್ ಹಾಕಿದೆ. ಎಂಟರ್ ಒತ್ತಿದ ಕೂಡಲೇ ನನ್ನ ಎಸ್‌ಎಸ್‌ಎಚ್ ಲಾಗಿನ್ನೇ ನಿಂತುಹೋಯಿತು. ಮುಂದೆ ಹೀಗಾಗದಿರಲು ಏನು ಮಾಡಲಿ?
— ವಿ., ಕುವೆಂಪುನಗರ

ಉತ್ತರ: ಬಾಗಿಲು ಹಾಕುವ ಮೊದಲು ಹಿಂಬಾಗಿಲಿಗೆ ಗಡಿಯಾರ ಇಟ್ಟುಬಿಡಿ. 'ಎಟ್' ಎಂಬ ಕಮಾಂಡ್ ಹಾಕಿಕೊಂಡಿರಿ. ಅದರಲ್ಲಿ 'ಎಟ್ ನೌ + 10 ಮಿನಿಟ್ಸ್' ಎಂದು ಕೊಟ್ಟು, ಒಳಗೆ 'ಯುಎಫ್‌ಡಬ್ಲ್ಯೂ ಡಿಸೇಬಲ್' (ಯುಎಫ್‌ಡಬ್ಲ್ಯೂ ಎಂದರೆ ಉಬುಂಟುವಿನ ಫೈರ್‌ವಾಲ್ ಕಮಾಂಡ್) ಬರೆದು, ಕಂಟ್ರೋಲ್-ಡಿ ಒತ್ತಿ. ಆಮೇಲೆ ಮೊದಲು 'ಯುಎಫ್‌ಡಬ್ಲ್ಯೂ ಅಲೌ 22/ಟಿಸಿಪಿ', ಅದರ ನಂತರ 'ಯುಎಫ್‌ಡಬ್ಲ್ಯೂ ಎನೇಬಲ್'. ಹಳೆಯ ಕಿಟಕಿ ಮುಚ್ಚದೆ, ಹೊಸ ಕಿಟಕಿಯಲ್ಲಿ ಮತ್ತೊಮ್ಮೆ ಲಾಗಿನ್ ಆಗಿ ನೋಡಿ. ಆಯಿತೆಂದರೆ 'ಎಟ್‌ಕ್ಯೂ' ಹಾಕಿ ಕೆಲಸದ ಸಂಖ್ಯೆ ನೋಡಿಕೊಂಡು 'ಎಟ್‌ಆರ್‌ಎಂ'ನಿಂದ ತೆಗೆಯಿರಿ. ಆಗಲಿಲ್ಲವೋ, ಹತ್ತು ನಿಮಿಷಕ್ಕೆ ಬಾಗಿಲು ತಾನೇ ತೆರೆಯುತ್ತದೆ. ಎಸ್‌ಎಸ್‌ಎಚ್ ಪೋರ್ಟ್ ಬದಲಿಸಿದ್ದರೆ 22ರ ಬದಲು ಆ ಸಂಖ್ಯೆ. ಎಸ್‌ಎಸ್‌ಎಚ್ ಕಾನ್ಫಿಗ್ ತಿದ್ದಿದಾಗಲೂ 'ಎಸ್‌ಎಸ್‌ಎಚ್‌ಡಿ -ಟಿ' ಹಾಕಿ ತಪ್ಪಿಲ್ಲವೆಂದು ನೋಡಿಯೇ ರೀಲೋಡ್ ಮಾಡಿ.

ಪ್ರಶ್ನೆ: ನಮ್ಮದು ಸಣ್ಣ ಕಾರ್ಖಾನೆ. ಸ್ವಿಚ್ ಗಿಗಾಬಿಟ್, ಸರ್ವರ್ ಗಿಗಾಬಿಟ್. ಆದರೂ ಡ್ರಾಯಿಂಗ್ ಫೈಲ್ ಕಾಪಿ ಮಾಡಿದರೆ ಸೆಕೆಂಡಿಗೆ 11 ಎಂಬಿ ದಾಟುತ್ತಿಲ್ಲ. ಡಿಸ್ಕ್ ಬದಲಿಸಿ ಎಸ್‌ಎಸ್‌ಡಿ ಹಾಕಿದರೂ ಅಷ್ಟೇ.
— ಎಂ. ಆರ್., ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಉತ್ತರ: 11 ಎಂಬಿ ಎಂಬ ಅಂಕಿಯೇ ಸಾಕ್ಷಿ. 100 ಮೆಗಾಬಿಟ್ ಲಿಂಕಿನಲ್ಲಿ ಟಿಸಿಪಿಗೆ ಸಿಗುವುದು ಸುಮಾರು 94 ಮೆಗಾಬಿಟ್. ಎಂಟರಿಂದ ಭಾಗಿಸಿದರೆ ಹನ್ನೊಂದು ಚಿಲ್ಲರೆ ಎಂಬಿ. ಗಿಗಾಬಿಟ್ ಆಗಿದ್ದರೆ 110ರ ಆಸುಪಾಸು ಬರಬೇಕಿತ್ತು. ಎಸ್‌ಎಸ್‌ಡಿಗೆ ಹಣ ಹಾಕುವ ಮೊದಲು ಒಂದು ಕಮಾಂಡ್ ಸಾಕಿತ್ತು: 'ಎತ್‌ಟೂಲ್' ಎಂದು ಬರೆದು ಮುಂದೆ ನೆಟ್‌ವರ್ಕ್ ಕಾರ್ಡಿನ ಹೆಸರು. ಕಾರ್ಡಿನ ಹೆಸರು 'ಐಪಿ ಲಿಂಕ್' ಹಾಕಿದರೆ ಸಿಗುತ್ತದೆ. 'ಸ್ಪೀಡ್' ಸಾಲಿನಲ್ಲಿ 100 ಎಂದಿದ್ದರೆ ತಪ್ಪು ಸಾಮಾನ್ಯವಾಗಿ ಕೇಬಲಿನದು.

ಕಾರಣ ಇಷ್ಟು. ನೂರು ಮೆಗಾಬಿಟ್‌ಗೆ ಎರಡೇ ಜೋಡಿ ತಂತಿ ಸಾಕು: 1, 2, 3 ಮತ್ತು 6ನೇ ಪಿನ್ನುಗಳು. ಗಿಗಾಬಿಟ್‌ಗೆ ನಾಲ್ಕೂ ಜೋಡಿ, ಎಂಟೂ ಪಿನ್ ಬೇಕು. 4, 5, 7, 8ರಲ್ಲಿ ಒಂದೇ ಒಂದು ಸರಿಯಾಗಿ ಕಚ್ಚಿರದಿದ್ದರೂ ಕಾರ್ಡು ಸದ್ದಿಲ್ಲದೆ ನೂರಕ್ಕೆ ಇಳಿಯುತ್ತದೆ. ದೀಪ ಹಸಿರಾಗೇ ಉರಿಯುತ್ತದೆ, ನೆಟ್ ಬರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಎರಡೂ ತುದಿಯ ಕನೆಕ್ಟರ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ. ಕನೆಕ್ಟರಿನ ಚಿನ್ನದ ಬಣ್ಣದ ಪಿನ್ನುಗಳು ನಿಮಗೆ ಕಾಣುವಂತೆ, ಲಾಕಿನ ನಾಲಗೆ ಹಿಂದಿರುವಂತೆ ಹಿಡಿದರೆ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯ ಎರಡು ಮಗ್ಗುಲಿಗೆ ಬೇರೆಯಾಗಿ ಕೂರುವುದು ಸರಿಯೇ. 'ಎರಡೂ ಕಡೆ ಒಂದೇ ಕ್ರಮ ಇದ್ದರಾಯಿತು' ಎಂದುಕೊಂಡು ಜೋಡಿಗಳನ್ನು ಸಾಲಾಗಿ ಇಟ್ಟವರ ಕೇಬಲ್ ಟೆಸ್ಟರಿನಲ್ಲಿ ಎಂಟೂ ದೀಪ ಉರಿಸುತ್ತದೆ, ಲೋಡ್ ಬಿದ್ದಾಗ ಕೈಕೊಡುತ್ತದೆ. ತಿರುವು ಬಿಚ್ಚುವುದು 13 ಮಿ.ಮೀ. ಒಳಗೇ ಇರಲಿ. ಹೊರಗಿನ ಪ್ಲಾಸ್ಟಿಕ್ ಕವಚ ಕನೆಕ್ಟರಿನ ಒಳಗೆ ಹೋಗಿ ಹಲ್ಲಿನ ಕೆಳಗೆ ಕಚ್ಚಿರಬೇಕು. ಹಾಗಿರದಿದ್ದರೆ ಎಳೆತವೆಲ್ಲ ತಂತಿಯ ಮೇಲೆ ಬಿದ್ದು ಆರು ತಿಂಗಳಲ್ಲಿ ಸಡಿಲ.

ಕ್ರಿಂಪ್ ಮಾಡುವಾಗ ಕತ್ತರಿಸಿದ ತುಂಡನ್ನು ಎಸೆಯಬೇಡಿ. ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ತಾಮ್ರದ ಬಣ್ಣವೇ ಇದ್ದರೆ ಒಳ್ಳೆಯದು. ಬೆಳ್ಳಗೆ ಹೊಳೆದರೆ ಅದು ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್. ಅದರ ತಡೆ ಹೆಚ್ಚು, ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ, ಕ್ಯಾಮೆರಾಗೆ ಅದರಲ್ಲೇ ವಿದ್ಯುತ್ ಕೊಟ್ಟರೆ ಬಿಸಿಯಾಗುತ್ತದೆ. ಕಾರ್ಖಾನೆಗೆ ಅದನ್ನು ಎಳೆಯಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಟ್ಟು ಉದ್ದ ಪ್ಯಾಚ್ ಕಾರ್ಡ್ ಸೇರಿ 100 ಮೀಟರ್ ಮೀರಬಾರದು.

ಯಾರಾದರೂ 'ಸ್ಪೀಡನ್ನು 1000ಕ್ಕೆ ಫಿಕ್ಸ್ ಮಾಡಿ, ಆಟೋ ತೆಗೆಯಿರಿ' ಎಂದರೆ ಕೇಳಬೇಡಿ. ತಾಮ್ರದ ಗಿಗಾಬಿಟ್‌ಗೆ ಆಟೋ ನೆಗೋಷಿಯೇಷನ್ ಬೇಕೇ ಬೇಕು. ಕೆಲಸ ಮುಗಿದ ಮೇಲೆ ಸರ್ವರಿನಲ್ಲಿ 'ಐಪರ್ಫ್3 -ಎಸ್', ಇನ್ನೊಂದು ಯಂತ್ರದಲ್ಲಿ 'ಐಪರ್ಫ್3 -ಸಿ' ಜೊತೆಗೆ ಸರ್ವರಿನ ಐಪಿ ಕೊಡಿ. 940 ಮೆಗಾಬಿಟ್ ಹತ್ತಿರ ಬಂದರೆ ತಂತಿ ಗೆದ್ದಿತು. ಆಮೇಲೂ ಕಾಪಿ ನಿಧಾನವಾದರೆ ಮಾತ್ರ ಡಿಸ್ಕಿನ ಕಡೆ ತಿರುಗಿ.

ಪ್ರಶ್ನೆ: ಮೈಸೂರಿನ ಮುಖ್ಯ ಕಚೇರಿಗೂ ಮಂಡ್ಯದ ಶಾಖೆಗೂ ವೈರ್‌ಗಾರ್ಡ್ ಟನಲ್ (ಇಂಟರ್‌ನೆಟ್ ಮೇಲೆ ಎರಡು ಕಚೇರಿ ಜೋಡಿಸುವ ಖಾಸಗಿ ದಾರಿ) ಇದೆ. ಎರಡೂ ಕಡೆ ಪಿಪಿಪಿಓಇ (ಹೆಸರು, ಪಾಸ್‌ವರ್ಡ್ ಕೊಟ್ಟು ನೆಟ್‌ಗೆ ಸೇರುವ ಬಗೆ) ಫೈಬರ್. ಮಂಡ್ಯದಲ್ಲಿ ರೂಟರ್ ಬದಲಾದ ಮೇಲೆ ವಿಚಿತ್ರ: ಪಿಂಗ್ ಹೋಗುತ್ತೆ, ಎಸ್‌ಎಸ್‌ಎಚ್ ಲಾಗಿನ್ ಆಗುತ್ತೆ, ಆದರೆ ದೊಡ್ಡ ಫೋಲ್ಡರಿನ ಪಟ್ಟಿ ಕೇಳಿದರೆ ಹಾಗೇ ನಿಂತುಬಿಡುತ್ತೆ. ವೆಬ್ ಪುಟ ಅರ್ಧಕ್ಕೆ ನಿಲ್ಲುತ್ತೆ.
— ಎಸ್. ಪಿ., ಮಂಡ್ಯ

ಉತ್ತರ: ಸಣ್ಣದು ಹೋಗುತ್ತದೆ, ದೊಡ್ಡದು ಸಿಕ್ಕಿಕೊಳ್ಳುತ್ತದೆ ಎಂದರೆ ಎಂಟಿಯು ನೋಡಬೇಕು. ಒಂದು ಪ್ಯಾಕೆಟ್ ಎಷ್ಟು ಎತ್ತರಕ್ಕೆ ಹೇರಿಕೊಂಡು ಬರಬಹುದು ಎಂಬ ಮಿತಿ ಅದು. ಕಬ್ಬಿನ ಟ್ರ್ಯಾಕ್ಟರ್ ರೈಲ್ವೆ ಸೇತುವೆಯ ಕೆಳಗೆ ಸಿಕ್ಕಿಕೊಂಡ ಹಾಗೆ. ಬೈಕು ಆರಾಮಾಗಿ ದಾಟುತ್ತದೆ.

ಲೆಕ್ಕ ಹಾಕೋಣ. ಈಥರ್ನೆಟ್‌ನಲ್ಲಿ 1500 ಬೈಟ್. ಪಿಪಿಪಿಓಇ ತನಗೆ 8 ತೆಗೆದುಕೊಳ್ಳುತ್ತದೆ, ಉಳಿದದ್ದು 1492. ವೈರ್‌ಗಾರ್ಡ್ ಸುಮ್ಮನೆ ಬಿಟ್ಟರೆ ಒಳಗಿನ ಎಂಟಿಯು 1420 ಇಟ್ಟುಕೊಳ್ಳುತ್ತದೆ. ಹೊರಗಿನ ದಾರಿ ಐಪಿವಿ4 ಆಗಿದ್ದರೆ ಅದರ ಮೇಲೆ 60 ಬೈಟ್ ಸೇರಿ 1480. ಸೇತುವೆ ಕೆಳಗೆ ದಾಟುತ್ತದೆ. ಐಪಿವಿ6 ಆಗಿದ್ದರೆ ಸೇರುವುದು 80, ಒಟ್ಟು 1500. ಎಂಟು ಬೈಟ್ ಹೆಚ್ಚಾಯಿತು.

ಈಗ ನಿಮ್ಮ ಹೊಸ ರೂಟರಿಗೆ ಬನ್ನಿ. ಅದರಲ್ಲಿ ಐಪಿವಿ6 ತಾನಾಗೇ ಚಾಲೂ ಆಗಿರುವ ಸಾಧ್ಯತೆ ಹೆಚ್ಚು. 'ಡಬ್ಲ್ಯೂಜಿ ಶೋ' ಹಾಕಿ 'ಎಂಡ್‌ಪಾಯಿಂಟ್' ಸಾಲು ನೋಡಿ. ಚುಕ್ಕಿಗಳಿರುವ ನಾಲ್ಕು ಸಂಖ್ಯೆಯ ಬದಲು ಚೌಕ ಆವರಣದೊಳಗೆ ಕೋಲನ್‌ಗಳಿರುವ ಉದ್ದ ವಿಳಾಸ ಕಂಡರೆ ಟನಲ್ ಐಪಿವಿ6 ಮೇಲೆ ಓಡುತ್ತಿದೆ. ಐಪಿವಿ6ನಲ್ಲಿ ಮಧ್ಯದ ರೂಟರ್ ಪ್ಯಾಕೆಟನ್ನು ಒಡೆದು ಕಳಿಸುವುದಿಲ್ಲ. 'ದೊಡ್ಡದಾಯಿತು' ಎಂದು ಐಸಿಎಂಪಿ ಸಂದೇಶ ವಾಪಸ್ ಕಳಿಸುತ್ತದೆ. ಎಷ್ಟೋ ಕಡೆ ಫೈರ್‌ವಾಲಿನಲ್ಲಿ ಐಸಿಎಂಪಿ ಪೂರ್ತಿ ಬಂದ್. ಸೇತುವೆಯ ಹತ್ತಿರ ನಿಂತು ಕೈಬೀಸುವವನನ್ನೇ ಮನೆಗೆ ಕಳಿಸಿದಂತಾಯಿತು. ಹಿಂದಿನಿಂದ ಬರುವವರು ಬರುತ್ತಲೇ ಇರುತ್ತಾರೆ.

ಖಚಿತ ಮಾಡಿಕೊಳ್ಳಲು ಟನಲ್ಲಿನ ಆಚೆ ತುದಿಯ ಒಳಗಿನ ಐಪಿಗೆ 'ಪಿಂಗ್ -ಎಂ ಡೂ -ಎಸ್ 1392' ಹಾಕಿ (ಎಂ ದೊಡ್ಡಕ್ಷರ, ಎಸ್ ಸಣ್ಣದು). ಪಿಂಗ್ ತನ್ನ ಕಡೆಯಿಂದ 28 ಬೈಟ್ ಸೇರಿಸುತ್ತದೆ, ಅಲ್ಲಿಗೆ 1420. ಉತ್ತರ ಬರುವುದಿಲ್ಲ. ಈಗ 1380 ಹಾಕಿ. ಉತ್ತರ ಬಂದರೆ ರೋಗ ಅದೇ. ಮಧ್ಯದ ಅಂಕಿ ಹಾಕಿ ತಲೆ ಕೆಡಿಸಿಕೊಳ್ಳಬೇಡಿ. ವೈರ್‌ಗಾರ್ಡ್ ಪ್ಯಾಕೆಟ್‌ಗಳನ್ನು 16ರ ಗುಣಕಕ್ಕೆ ತುಂಬಿಸಿ ಕಳಿಸುವುದರಿಂದ ಅಲ್ಲಿನ ಫಲಿತಾಂಶ ದಾರಿ ತಪ್ಪಿಸುತ್ತದೆ.

ಮದ್ದು ಚಿಕ್ಕದು. ಎರಡೂ ತುದಿಯ ವೈರ್‌ಗಾರ್ಡ್ ಕಡತದ 'ಇಂಟರ್‌ಫೇಸ್' ವಿಭಾಗದಲ್ಲಿ 'ಎಂಟಿಯು = 1412' ಎಂದು ಬರೆದು (ಎಂಟಿಯು ದೊಡ್ಡಕ್ಷರದಲ್ಲಿ) ಟನಲ್ಲನ್ನು ಇಳಿಸಿ ಏರಿಸಿ. ಒಂದೇ ಕಡೆ ಬರೆದರೆ ಒಂದು ದಿಕ್ಕು ಮಾತ್ರ ಸರಿಹೋಗುತ್ತದೆ. ಜೊತೆಗೆ, ಎರಡೂ ಕಡೆ ಐಸಿಎಂಪಿವಿ6ನ 'ಪ್ಯಾಕೆಟ್ ಟೂ ಬಿಗ್' ಸಂದೇಶ ಒಳಗೆ ಬರಲು ಬಿಡಿ. ಪಿಂಗ್ ಬೇಡವಾದರೆ ಪಿಂಗನ್ನು ಮಾತ್ರ ತಡೆಯಿರಿ. ವೈರ್‌ಗಾರ್ಡ್ ಇದನ್ನೇಕೆ ತಾನೇ ಕಂಡುಕೊಳ್ಳಲಿಲ್ಲ ಎಂದು ಕೇಳಬಹುದು. ನಿಮ್ಮ ಲಿನಕ್ಸ್ ಯಂತ್ರ ರೂಟರಿನ ಹಿಂದೆ ಕೂತಿದೆ, ಅದಕ್ಕೆ ಕಾಣುವುದು 1500ರ ಈಥರ್ನೆಟ್ ಮಾತ್ರ. ಪಿಪಿಪಿಓಇ ನಡೆಯುತ್ತಿರುವುದು ಗೋಡೆಯಾಚೆ.

ಪ್ರಶ್ನೆ: 'ಟಾಪ್'ನಲ್ಲಿ ಲೋಡ್ ಆವರೇಜ್ 12 ತೋರಿಸುತ್ತೆ, ಸಿಪಿಯು ಮಾತ್ರ ಶೇ. 90 ಖಾಲಿ. ಯಾವುದನ್ನು ನಂಬೋದು?
— ಓದುಗರು, ಪಾಂಡವಪುರ

ಉತ್ತರ: ಎರಡೂ ನಿಜ. ಲಿನಕ್ಸ್ ಲೋಡ್ ಲೆಕ್ಕದಲ್ಲಿ ಸಿಪಿಯುಗೆ ಕಾಯುವವರ ಜೊತೆ ಡಿಸ್ಕಿಗೋ ನೆಟ್‌ವರ್ಕ್ ಫೋಲ್ಡರಿಗೋ ಕಾಯುತ್ತಾ ಅಲುಗಾಡದೆ ನಿಂತವರನ್ನೂ ಸೇರಿಸುತ್ತದೆ. 'ಪಿಎಸ್ ಆಕ್ಸ್' ಪಟ್ಟಿಯ 'ಸ್ಟ್ಯಾಟ್' ಕಾಲಂನಲ್ಲಿ ಡಿ ಅಕ್ಷರ ಇರುವ ಸಾಲುಗಳನ್ನು ನೋಡಿ, ಅವೇ. ನಂತರ 'ಸ್ಮಾರ್ಟ್‌ಸಿಟಿಎಲ್ -ಎ' ಹಾಕಿ ಡಿಸ್ಕಿನ ಆರೋಗ್ಯ ನೋಡಿ. 'ಕರೆಂಟ್ ಪೆಂಡಿಂಗ್ ಸೆಕ್ಟರ್' ಎದುರು ಸೊನ್ನೆಗಿಂತ ಹೆಚ್ಚಿದ್ದರೆ ಮೊದಲು ಬ್ಯಾಕಪ್, ಆಮೇಲೆ ಬೇರೆ ಮಾತು. ಡಿಸ್ಕ್ ಸರಿಯಿದ್ದರೆ ಎನ್‌ಎಫ್‌ಎಸ್ ಮೌಂಟ್ (ನೆಟ್‌ವರ್ಕ್ ಮೂಲಕ ಜೋಡಿಸಿದ ಫೋಲ್ಡರ್) ಯಾವುದಾದರೂ ನಿಂತಿದೆಯೇ ಹುಡುಕಿ.

ಪ್ರಶ್ನೆ: ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಕನ್ನಡದಲ್ಲೇ ಹೆಸರಿಟ್ಟು ಲಿನಕ್ಸ್ ಸರ್ವರಿಗೆ ಹಾಕುತ್ತಿದ್ದೇವೆ. ಮೂರು ತೊಂದರೆ: ಒಂದು, ಎಸ್‌ಎಸ್‌ಎಚ್‌ನಲ್ಲಿ ಹೆಸರು ಪ್ರಶ್ನಾರ್ಥಕ ಚಿಹ್ನೆಗಳಾಗಿ ಅಥವಾ ಅಂಕಿಗಳಾಗಿ ಕಾಣುತ್ತದೆ. ಎರಡು, ವಿಂಡೋಸ್‌ನಲ್ಲಿ ಇದ್ದ ಉದ್ದ ಹೆಸರು ಇಲ್ಲಿ 'ಫೈಲ್ ನೇಮ್ ಟೂ ಲಾಂಗ್' ಎನ್ನುತ್ತದೆ. ಮೂರು, ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲ್ ಇವೆ! ಇದು ಹೇಗೆ ಸಾಧ್ಯ?
— ಜಿ., ಸರಸ್ವತಿಪುರಂ

ಉತ್ತರ: ಕನ್ನಡದಲ್ಲೇ ಹೆಸರಿಡುವುದನ್ನು ದಯವಿಟ್ಟು ಬಿಡಬೇಡಿ. ಲಿನಕ್ಸ್‌ಗೆ ಇದರಲ್ಲಿ ಯಾವ ಅಡ್ಡಿಯೂ ಇಲ್ಲ, ಮೂರಕ್ಕೂ ಕಾರಣ ಸ್ಪಷ್ಟವಾಗಿದೆ.

ಮೊದಲನೆಯದು ಬರೀ ತೋರಿಕೆಯ ದೋಷ. 'ಲೊಕೇಲ್' ಹಾಕಿದರೆ 'ಲ್ಯಾಂಗ್' ಎದುರು ಬರೀ ಸಿ ಅಥವಾ ಪೋಸಿಕ್ಸ್ ಕಾಣುತ್ತದೆ. ಅದು ಇಂಗ್ಲಿಷ್ ಬಿಟ್ಟು ಬೇರೆ ಅರಿಯದ ಸ್ಥಿತಿ. ಅಂಕಿಗಳಾಗಿ ಕಾಣುವಾಗ 340 262, 340 263 ಎಂಬುವು ಮತ್ತೆ ಮತ್ತೆ ಬರುತ್ತಿದ್ದರೆ ಸಮಾಧಾನ ಮಾಡಿಕೊಳ್ಳಿ: ಅದು ಕನ್ನಡವೇ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್, ಮೊದಲೆರಡು ಬೈಟ್ ಯಾವಾಗಲೂ ಆ ಎರಡರಲ್ಲಿ ಒಂದು. 'ಮ' ಎಂದರೆ 340 262 256. ಫೈಲು ಸುರಕ್ಷಿತ. ಸರ್ವರಿನಲ್ಲಿ ಲ್ಯಾಂಗ್ ಬೆಲೆಯನ್ನು 'ಸಿ.ಯುಟಿಎಫ್-8'ಗೆ ಬದಲಿಸಿ (ಎಲ್ಲ ದೊಡ್ಡಕ್ಷರ). ಡೆಬಿಯನ್, ಉಬುಂಟುಗಳಲ್ಲಿ ಅದು ಸಿದ್ಧವಾಗೇ ಇರುತ್ತದೆ. ಆಮೇಲೂ ಒತ್ತಕ್ಷರ ಪಕ್ಕಕ್ಕೆ ಸರಿದು ಕಂಡರೆ ಅದು ಟರ್ಮಿನಲ್ಲಿನ ಮಿತಿ, ಹೆಸರಿನದಲ್ಲ.

ಎರಡನೆಯದು ಲೆಕ್ಕದ ಮಾತು. ಇಎಕ್ಸ್‌ಟಿ4ನಲ್ಲಿ ಹೆಸರಿನ ಮಿತಿ 255 ಬೈಟ್. ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ 255 ಯುಟಿಎಫ್-16 ಸಂಕೇತ. 'ಶ್ರೀರಂಗಪಟ್ಟಣ' ಕಣ್ಣಿಗೆ ಆರು ಅಕ್ಷರ. ಒಳಗೆ ಬಿಡಿಸಿದರೆ ಶ, ಹಲಂತ ಚಿಹ್ನೆ, ರ, ದೀರ್ಘ ಈ ಕಾರ, ರ, ಸೊನ್ನೆ, ಗ, ಪ, ಟ, ಹಲಂತ ಚಿಹ್ನೆ, ಟ, ಣ: ಹನ್ನೆರಡು ಸಂಕೇತ, 36 ಬೈಟ್. ಅಂದರೆ ಲಿನಕ್ಸಿನಲ್ಲಿ ಗರಿಷ್ಠ 85 ಕನ್ನಡ ಸಂಕೇತ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ನಲವತ್ತು ಚಿಲ್ಲರೆ. ಊರು, ವರ್ಷ, ಕ್ರಮಸಂಖ್ಯೆ ಇಷ್ಟನ್ನು ಹೆಸರಿನಲ್ಲಿಟ್ಟು, ವಿವರವನ್ನು ಒಂದು ಸೂಚಿ ಕಡತದಲ್ಲಿ ಬರೆಯಿರಿ.

ಮೂರನೆಯದಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಏಕೆಂದರೆ ಇದರಿಂದ ದಾಖಲೆ ಕಳೆದುಹೋಗಬಹುದು. 'ಮೈಸೂರು' ಎಂಬ ಹೆಸರಿನಲ್ಲಿ 'ಐ' ಕಾರವನ್ನು ಯೂನಿಕೋಡ್ ಎರಡು ರೀತಿ ಬರೆಯಲು ಬಿಡುತ್ತದೆ: ಒಂದೇ ಸಂಕೇತವಾಗಿ, ಅಥವಾ 'ಎ' ಕಾರ ಮತ್ತು ಅದರ ಕೆಳಗಿನ ಬಾಲ ಎಂದು ಎರಡಾಗಿ. ಮೊದಲನೆಯದರಲ್ಲಿ ಹೆಸರು 18 ಬೈಟ್, ಎರಡನೆಯದರಲ್ಲಿ 21. ಕಣ್ಣಿಗೆ ಒಂದೇ, ಲಿನಕ್ಸಿಗೆ ಎರಡು ಬೇರೆ ಹೆಸರು. ದೀರ್ಘ ಈ, ಏ, ಒ, ಓ ಕಾರಗಳಿಗೂ ಇದೇ ಕಥೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್+ ಡಿಸ್ಕುಗಳು ಹೆಸರನ್ನು ಒಡೆದೇ ಇಡುತ್ತವೆ. ವಿಂಡೋಸಿನಲ್ಲಿ ಟೈಪ್ ಮಾಡಿದ್ದು ಸಾಮಾನ್ಯವಾಗಿ ಕೂಡಿದ ರೂಪ. ನಿಮ್ಮಲ್ಲಿ ಎರಡೂ ಬಗೆಯ ಯಂತ್ರದಿಂದ ಫೈಲು ಬಂದಿರಬೇಕು.

'ಎಲ್‌ಎಸ್ | ಎಕ್ಸ್‌ಎಕ್ಸ್‌ಡಿ' ಹಾಕಿದರೆ ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ. ಎಲ್ಲವನ್ನೂ ಕೂಡಿದ ರೂಪಕ್ಕೆ ತರಲು 'ಕಾನ್ವ್‌ಎಂವಿ' ಎಂಬ ಸಲಕರಣೆ ಇದೆ: 'ಕಾನ್ವ್‌ಎಂವಿ -ಎಫ್ ಯುಟಿಎಫ್8 -ಟಿ ಯುಟಿಎಫ್8 --ಎನ್‌ಎಫ್‌ಸಿ -ಆರ್' ಮತ್ತು ಫೋಲ್ಡರಿನ ಹೆಸರು. ಹೀಗೆ ಹಾಕಿದರೆ ಏನು ಮಾಡಲಿದೆ ಎಂದು ತೋರಿಸುತ್ತದೆ ಅಷ್ಟೇ, ಬದಲಿಸುವುದಿಲ್ಲ. ಪಟ್ಟಿ ಪೂರ್ತಿ ಓದಿ, ಒಪ್ಪಿಗೆಯಾದರೆ '--ನೋಟೆಸ್ಟ್' ಸೇರಿಸಿ ಮತ್ತೆ ಹಾಕಿ. ಜೋಡಿ ಇರುವ ಫೈಲುಗಳಲ್ಲಿ ಒಂದನ್ನು ಮೊದಲೇ ಬೇರೆ ಫೋಲ್ಡರಿಗೆ ಸರಿಸಿ, ಎರಡಕ್ಕೂ 'ಶಾ256ಸಮ್' ಹಾಕಿ. ಮೊತ್ತ ಒಂದೇ ಆದರೆ ಒಂದನ್ನು ತೆಗೆಯಬಹುದು. ಬೇರೆ ಬೇರೆ ಆದರೆ ಅವು ಎರಡು ಬೇರೆ ಸ್ಕ್ಯಾನ್. ಎರಡನ್ನೂ ತೆರೆದು ನೋಡದೆ ಅಳಿಸಬೇಡಿ.

ಯೂನಿಕೋಡ್‌ಗೂ ಮುಂಚಿನ ಫಾಂಟುಗಳಲ್ಲಿ ಇಟ್ಟ ಹೆಸರುಗಳಿಗೆ ಈ ಮದ್ದು ನಾಟುವುದಿಲ್ಲ. ಅವು ಒಳಗೆ ಇಂಗ್ಲಿಷ್ ಲಿಪಿಯ ಚಿಹ್ನೆಗಳೇ. ಪಠ್ಯ ಪರಿವರ್ತಕದಲ್ಲಿ ಹಾಕಿ ಹೆಸರನ್ನು ಹೊಸದಾಗಿ ಕೊಡಬೇಕು.

ಪ್ರಶ್ನೆ: ಶಾಲೆಯ ಕಚೇರಿಯ ಸರ್ವರಿನಿಂದ ಯುಎಸ್‌ಬಿ ಡಿಸ್ಕಿಗೆ ರಾತ್ರಿ 2 ಗಂಟೆಗೆ ಬ್ಯಾಕಪ್ ಆಗುವಂತೆ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಸೇವೆ) ಆರ್‌ಸಿಂಕ್ (ಫೈಲುಗಳ ಪ್ರತಿ ಮಾಡುವ ಕಮಾಂಡ್) ಹಾಕಿದ್ದೇವೆ. ಒಂದೊಂದು ದಿನ ಬೆಳಿಗ್ಗೆ ಏಳೂವರೆಗೆ ಆಗುತ್ತೆ, ಕರೆಂಟ್ ಹೋದ ದಿನ ಆಗೋದೇ ಇಲ್ಲ. ದಿನಾಂಕದ ಹೆಸರಿನ ಲಾಗ್ ಬರೆಸಲು ಹೋದರೆ ಕ್ರಾನ್ ದೋಷ ಕೊಡುತ್ತೆ, ಅದೇ ಸಾಲು ಕೈಯಲ್ಲಿ ಹಾಕಿದರೆ ಸರಿ.
— ಶಿಕ್ಷಕರು, ಶ್ರೀರಂಗಪಟ್ಟಣ

ಉತ್ತರ: ಏಳೂವರೆ ಎಂದ ಕೂಡಲೇ ಗೊತ್ತಾಯಿತು: ನಮ್ಮ ಸಮಯ ಯುಟಿಸಿಗಿಂತ (ಜಾಗತಿಕ ಪ್ರಮಾಣ ಸಮಯ) ಐದೂವರೆ ಗಂಟೆ ಮುಂದೆ. ಯಂತ್ರದ ವಲಯ ಯುಟಿಸಿಯಲ್ಲಿದ್ದಾಗ ಅದರ ಎರಡು ಗಂಟೆ ನಮ್ಮ ಏಳೂವರೆ. 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಟೈಮ್‌ಝೋನ್ ಏಷ್ಯಾ/ಕೋಲ್ಕತಾ' (ಏಷ್ಯಾದ ಎ, ಕೋಲ್ಕತಾದ ಕೆ ದೊಡ್ಡಕ್ಷರ) ಕೊಟ್ಟು ಕ್ರಾನ್ ಸೇವೆಯನ್ನು ರೀಸ್ಟಾರ್ಟ್ ಮಾಡಿ. ಕ್ರಾನ್ ಹಳೆಯ ವಲಯವನ್ನೇ ಹಿಡಿದು ಕೂತಿರಬಹುದು. 'ಒಂದೊಂದು ದಿನ' ಮಾತ್ರ ಹೀಗಾಗುತ್ತದೆ ಎಂದರೆ ಸಾಲು ಎರಡು ಯಂತ್ರದಲ್ಲಿ ಅಥವಾ ಇಬ್ಬರು ಬಳಕೆದಾರರ ಕ್ರಾನ್‌ನಲ್ಲಿ ಇದೆಯೇ ಎಂದೂ ನೋಡಿ. ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದೆ ಬೀಳುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಬ್ಯಾಟರಿ ಬದಲಿಸಿ.

ಲಾಗಿನ ದೋಷಕ್ಕೆ ಕಾರಣ ಶೇಕಡಾ ಚಿಹ್ನೆ. ಕ್ರಾನ್ ಸಾಲಿನಲ್ಲಿ ಆ ಚಿಹ್ನೆ ಬಂದರೆ ಸಾಲು ಅಲ್ಲಿಗೆ ಮುಗಿಯಿತು ಎಂದು ಅರ್ಥ. ಚಿಹ್ನೆಯ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಬಹುದು, ಆದರೆ ಇಡೀ ಕೆಲಸವನ್ನು ಒಂದು ಸ್ಕ್ರಿಪ್ಟಿನಲ್ಲಿ ಬರೆದು ಕ್ರಾನ್‌ಗೆ ಅದರ ಪೂರ್ತಿ ದಾರಿ ಕೊಡುವುದೇ ವಾಸಿ.

ಕರೆಂಟಿಲ್ಲದ ರಾತ್ರಿಗೆ ಕ್ರಾನ್ ಬಳಿ ಉತ್ತರವಿಲ್ಲ, ತಪ್ಪಿದ್ದು ತಪ್ಪಿತು. ಸಿಸ್ಟಂಡಿ ಟೈಮರ್ ಬರೆದು ಅದರಲ್ಲಿ 'ಪರ್ಸಿಸ್ಟೆಂಟ್=ಟ್ರೂ' ಇಡಿ (ಎರಡು ಪದಗಳಲ್ಲಿ ಮೊದಲನೆಯದರ ಮೊದಲ ಅಕ್ಷರ ದೊಡ್ಡದು). ಯಂತ್ರ ಮತ್ತೆ ಎದ್ದ ಕೂಡಲೇ ತಪ್ಪಿದ ಕೆಲಸ ನಡೆಯುತ್ತದೆ.

ನೀವು ಕೇಳದ ಒಂದು ಅಪಾಯ ಇದರಲ್ಲಿದೆ, ಹೇಳಲೇಬೇಕು. ಕರೆಂಟ್ ಬಂದ ಮೇಲೆ ಯುಎಸ್‌ಬಿ ಡಿಸ್ಕ್ ಮೌಂಟ್ ಆಗದೆ ಉಳಿದರೆ ಆ ಜಾಗದಲ್ಲಿ ಬರೀ ಖಾಲಿ ಫೋಲ್ಡರ್ ಇರುತ್ತದೆ. ಆರ್‌ಸಿಂಕ್ ಅದನ್ನೇ ಡಿಸ್ಕ್ ಎಂದುಕೊಂಡು ಸರ್ವರಿನ ಸ್ವಂತ ಜಾಗಕ್ಕೆ ಎಲ್ಲವನ್ನೂ ಸುರಿಯುತ್ತದೆ. ಇದರ ತಿರುವುಮುರುವಾಗಿ, ಮೂಲ ಫೋಲ್ಡರೇ ಇನ್ನೊಂದು ಡಿಸ್ಕಿನಲ್ಲಿದ್ದು ಅದು ಮೌಂಟ್ ಆಗದಿದ್ದರೆ, '--ಡಿಲೀಟ್' ಇರುವ ಆರ್‌ಸಿಂಕ್ ಖಾಲಿಯನ್ನು ನೋಡಿ ಬ್ಯಾಕಪ್ಪನ್ನೂ ಖಾಲಿ ಮಾಡುತ್ತದೆ. ಸ್ಕ್ರಿಪ್ಟಿನ ಮೊದಲ ಸಾಲುಗಳಲ್ಲೇ 'ಮೌಂಟ್‌ಪಾಯಿಂಟ್ -ಕ್ಯೂ', ಮುಂದೆ ಡಿಸ್ಕಿನ ದಾರಿ, ಅದರ ಮುಂದೆ '|| ಎಕ್ಸಿಟ್ 1' ಬರೆಯಿರಿ. ಡಿಸ್ಕ್ ಇಲ್ಲವೆಂದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಮೂಲದ ಹೆಸರಿನ ಕೊನೆಯ ಓರೆಗೆರೆಯನ್ನೂ ಗಮನಿಸಿ: ಗೆರೆ ಇದ್ದರೆ ಫೋಲ್ಡರಿನ ಒಳಗಿರುವುದು ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ. '--ಡಿಲೀಟ್' ಇದ್ದಾಗ ಈ ಒಂದು ಗೆರೆ ತಪ್ಪಿದರೆ ಹಳೆಯ ಪ್ರತಿಯೆಲ್ಲ ಹೋದೀತು. ಆದ್ದರಿಂದ ಸ್ಕ್ರಿಪ್ಟ್ ಬದಲಿಸಿದಾಗಲೆಲ್ಲ ಒಮ್ಮೆ '--ಡ್ರೈ-ರನ್' ಹಾಕಿ ಏನು ಅಳಿಸಲಿದೆ ಎಂದು ಓದಿ.

ತಿಂಗಳಿಗೊಮ್ಮೆ ಆ ಯುಎಸ್‌ಬಿ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ, ಶುಲ್ಕದ ಕಡತ ಒಂದನ್ನು ತೆರೆದು, ಕೊನೆಯ ರಸೀದಿ ಸಂಖ್ಯೆ ನಿಮ್ಮ ರಸೀದಿ ಪುಸ್ತಕದ ಸಂಖ್ಯೆಗೆ ತಾಳೆಯಾಗುತ್ತದೆಯೇ ನೋಡಿ.